ಜಪಾನನ್ನು ತೋರಿಸಿಕೊಟ್ಟ ಬೆರಳಚ್ಚುಗಾರ

1947ರ ಮೊದಲ ದಿನಗಳು. ಎರಡನೆಯ ಮಹಾಯುದ್ಧ ಮುಗಿದು ಒಂದೂವರೆ ವರ್ಷವಾಗುತ್ತ ಬಂದಿತ್ತು. ಸೋತ ಜಪಾನಿನ ಮೇಲೆ ಅಮೆರಿಕನ್ನರ ಸೇನಾಡಳಿತ ಕುಳಿತಿತ್ತು. ಆಡಳಿತವೆಂದ ಮೇಲೆ ಕಾಗದಪತ್ರ, ಕಾಗದಪತ್ರವೆಂದ ಮೇಲೆ ಬೆರಳಚ್ಚುಗಾರರು ಬೇಕೇ ಬೇಕು. ಹಾಗೆ ಟೋಕಿಯೋಕ್ಕೆ ಬಂದಿಳಿದವರಲ್ಲಿ ಒಹಾಯೋ ರಾಜ್ಯದ ಲೈಮಾ ಎಂಬ ಊರಿನ ಇಪ್ಪತ್ತೆರಡು ವರ್ಷದ ತರುಣನೊಬ್ಬನಿದ್ದ. ಯುದ್ಧಕಾಲದಲ್ಲಿ ಸರಕು ಹಡಗುಗಳ ಮೇಲೆ ಕೆಲಸ ಮಾಡಿದ್ದ. ಯುದ್ಧ ಮುಗಿದ ಮೇಲೆ ಊರಿಗೆ ಮರಳುವ ಮನಸ್ಸಿರಲಿಲ್ಲ. ಹೆಸರು ಡೊನಾಲ್ಡ್ ರಿಚಿ. ಮುಂದೆ ಜಪಾನಿನ ಚಲನಚಿತ್ರಗಳನ್ನು ಇಂಗ್ಲಿಷ್ ಬಲ್ಲ ಜಗತ್ತಿಗೆ ಪರಿಚಯ ಮಾಡಿಕೊಟ್ಟ ವಿದ್ವಾಂಸರೆಂದು ಹೆಸರಾದವರು ಇವರೇ.

ನಿಜ ಹೇಳಬೇಕೆಂದರೆ, ರಿಚಿಯವರ ಬಗ್ಗೆ ನನಗೆ ಮೊದಲು ಕುತೂಹಲ ಹುಟ್ಟಿದ್ದು ಅವರ ಹುದ್ದೆಯಿಂದ. ನಾನೂ ಬೆರಳಚ್ಚಿನ ಪರೀಕ್ಷೆ ಪಾಸು ಮಾಡಿ ಕೇಂದ್ರ ಸರಕಾರದ ಕಚೇರಿಯೊಂದನ್ನು ಸೇರಿದ ಕಾರಕೂನ. ಬಿ.ಎಸ್‌ಸಿ.ಯಲ್ಲಿ ಓದಿದ ರಸಾಯನಶಾಸ್ತ್ರಕ್ಕೂ ಈಗ ನನ್ನ ಮೇಜಿನ ಮೇಲಿರುವ ಫೈಲುಗಳಿಗೂ ಯಾವ ಸಂಬಂಧವೂ ಇಲ್ಲ. ಐದು ಗಂಟೆಯ ನಂತರ ಮನುಷ್ಯ ಏನು ಮಾಡುತ್ತಾನೆ ಎಂಬುದು ನಮ್ಮಂಥವರಿಗೆ ಯಾವಾಗಲೂ ಆಸಕ್ತಿಯ ಪ್ರಶ್ನೆ. ಈ ಮನುಷ್ಯ ಮಾಡಿದ್ದೇನೆಂದರೆ, ಹೋಗಬಾರದೆಂದು ಹೇಳಿದ ಕಡೆಗೇ ಹೋದದ್ದು.

ಸೇನಾಡಳಿತದ ನಿಯಮದ ಪ್ರಕಾರ ಅಮೆರಿಕನ್ ನೌಕರರು ಜಪಾನೀಯರ ಚಿತ್ರಮಂದಿರಗಳಿಗೆ ಕಾಲಿಡುವಂತಿರಲಿಲ್ಲ. ಗೆದ್ದವರು ಸೋತವರೊಡನೆ ಬೆರೆಯಕೂಡದು. ರಿಚಿ ಕದ್ದು ಒಳಹೊಕ್ಕರು. ಬಾಂಬಿನ ಬೆಂಕಿಯಲ್ಲಿ ಟೋಕಿಯೋ ನಗರ ಎಷ್ಟು ಸುಟ್ಟು ಬಯಲಾಗಿತ್ತೆಂದರೆ, ಗಿಂಜಾ ಪೇಟೆಯ ಚೌಕದಲ್ಲಿ ನಿಂತರೆ ದೂರದ ಫ್ಯೂಜಿ ಪರ್ವತ ಕಾಣುತ್ತಿತ್ತಂತೆ. ಅಂಥ ಊರಿನಲ್ಲಿ, ಉಣ್ಣಲು ಉಡಲು ಕಷ್ಟವಾಗಿದ್ದ ದಿನಗಳಲ್ಲಿ, ಚಿತ್ರಮಂದಿರಗಳು ಮಾತ್ರ ಕಿಕ್ಕಿರಿದಿದ್ದವು. ರಿಚಿಗೆ ಜಪಾನಿ ಭಾಷೆ ಒಂದಕ್ಷರ ಬಾರದು. ತೆರೆಯ ಮೇಲೆ ಇಂಗ್ಲಿಷ್ ಅಡಿಬರಹವೂ ಇಲ್ಲ. ಗುಂಪಿನ ಹಿಂದೆ ನಿಂತು ಸುಮ್ಮನೆ ನೋಡಿದರು.

ಮಾತು ತಿಳಿಯದ ಕಾರಣ ಅವರ ಗಮನವೆಲ್ಲ ಬೇರೆಡೆಗೆ ಹರಿಯಿತು. ಪಾತ್ರಗಳು ಎಲ್ಲಿ ಕೂರುತ್ತವೆ, ಯಾರು ಯಾರಿಗೆ ಬೆನ್ನು ಕೊಡುತ್ತಾರೆ, ಕ್ಯಾಮೆರಾ ಎಷ್ಟು ಹೊತ್ತು ಕದಲದೆ ನಿಲ್ಲುತ್ತದೆ, ಜನರೆಲ್ಲ ಎದ್ದು ಹೋದ ಮೇಲೂ ಬರಿದಾದ ಕೋಣೆಯನ್ನು ಏಕೆ ತೋರಿಸುತ್ತಾರೆ ಎಂಬುದನ್ನೆಲ್ಲ ಗಮನಿಸತೊಡಗಿದರು. ಕಥೆ ತಿಳಿದಿದ್ದರೆ ಇದೊಂದೂ ಕಣ್ಣಿಗೆ ಬೀಳುತ್ತಿರಲಿಲ್ಲವೆಂದು ಅವರೇ ಮುಂದೆ ಬರೆದುಕೊಂಡಿದ್ದಾರೆ. ನನ್ನ ಎಣಿಕೆಯಲ್ಲಿ ಅವರ ಮುಂದಿನ ಅರವತ್ತು ವರ್ಷಗಳ ಕೆಲಸಕ್ಕೆ ಬುನಾದಿ ಬಿದ್ದದ್ದು ಆ ಹಿಂದಿನ ಸಾಲಿನಲ್ಲಿ.

ಬೆರಳಚ್ಚಿನ ಕೆಲಸದಿಂದ ಅವರು ಬೇಗನೆ ಸೈನಿಕರ ಪತ್ರಿಕೆಯಾದ ‘ಪೆಸಿಫಿಕ್ ಸ್ಟಾರ್ಸ್ ಅಂಡ್ ಸ್ಟ್ರೈಪ್ಸ್’ಗೆ ಬರೆಯುವ ಕೆಲಸಕ್ಕೆ ಬಡ್ತಿ ಪಡೆದರು. ಅಲ್ಲಿ ಅಮೆರಿಕನ್ ಚಿತ್ರಗಳ ವಿಮರ್ಶೆ ಬರೆಯುವುದು. ಸಂಜೆ ಜಪಾನಿ ಚಿತ್ರ ನೋಡುವುದು. ಆ ಕಾಲದ ಎರಡು ಭೇಟಿಗಳನ್ನು ಇಲ್ಲಿ ಹೇಳಲೇಬೇಕು. ಒಂದು, ಮುಂದೆ ನೊಬೆಲ್ ಪಾರಿತೋಷಕ ಪಡೆದ ಕಾದಂಬರಿಕಾರ ಯಾಸುನಾರಿ ಕವಾಬಾತಾ ಅವರದು. ಕವಾಬಾತಾ ಅವರಿಗೆ ಇಂಗ್ಲಿಷ್ ಬಾರದು, ರಿಚಿಗೆ ಜಪಾನಿ ಬಾರದು. ಇಬ್ಬರೂ ಅಸಾಕುಸಾ ಬಡಾವಣೆಯ ಗೋಪುರವೊಂದನ್ನು ಹತ್ತಿ ಸುಟ್ಟುಹೋದ ನಗರವನ್ನು ನೋಡುತ್ತ ನಿಂತರು. ಅದೇ ಬಡಾವಣೆಯನ್ನು ಕುರಿತು ಕವಾಬಾತಾ ಹಿಂದೆ ಒಂದು ಕಾದಂಬರಿ ಬರೆದಿದ್ದರು. ರಿಚಿ ಅದರ ಪಾತ್ರದ ಹೆಸರು ಹೇಳುವುದು, ಅವರು ಕೈ ಚಾಚಿ ಒಂದು ದಿಕ್ಕು ತೋರಿಸುವುದು. ಹೀಗೆ ಸಾಗಿತು ಆ ಸಂಭಾಷಣೆ.

ಇನ್ನೊಂದು ಭೇಟಿ 1948ರದು. ಸಂಗೀತ ನಿರ್ದೇಶಕ ಫುಮಿಯೋ ಹಯಾಸಾಕಾ ಅವರು ರಿಚಿಯನ್ನು ತೋಹೋ ಸ್ಟುಡಿಯೋಕ್ಕೆ ಕರೆದೊಯ್ದರು. ಅಲ್ಲಿ ‘ಡ್ರಂಕನ್ ಏಂಜೆಲ್’ ಎಂದು ಇಂಗ್ಲಿಷಿನಲ್ಲಿ ಹೆಸರಾದ ಚಿತ್ರದ ಚಿತ್ರೀಕರಣ ನಡೆದಿತ್ತು. ಬಿಳಿ ಸೂಟಿನ ಒಬ್ಬ ತರುಣ, ಜೋಲು ಟೋಪಿಯ ಒಬ್ಬ ಎತ್ತರದ ಮನುಷ್ಯ. ತಾನು ನೋಡುತ್ತಿರುವುದು ಯಾರನ್ನೆಂದು ರಿಚಿಗೆ ಆಗ ತಿಳಿದಿರಲಿಲ್ಲ. ಆ ತರುಣ ತೋಶಿರೋ ಮಿಫೂನೆ, ಟೋಪಿಯವರು ಅಕಿರಾ ಕುರೊಸಾವಾ.

1949ರಲ್ಲಿ ರಿಚಿ ಸ್ವದೇಶಕ್ಕೆ ಮರಳಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಸೇರಿ 1953ರಲ್ಲಿ ಪದವಿ ಪಡೆದರು. ಅಷ್ಟರಲ್ಲಿ ಜಪಾನಿನ ಚಿತ್ರಗಳ ಅದೃಷ್ಟವೇ ಬದಲಾಗಿತ್ತು. 1951ರ ವೆನಿಸ್ ಚಿತ್ರೋತ್ಸವದಲ್ಲಿ ಕುರೊಸಾವಾ ಅವರ ‘ರಾಶೊಮಾನ್’ ಅತ್ಯುಚ್ಚ ಪ್ರಶಸ್ತಿ ಪಡೆಯಿತು. ಇದರ ಹಿಂದಿನ ಸಂಗತಿ ಸ್ವಾರಸ್ಯವಾಗಿದೆ. ಚಿತ್ರ ತಯಾರಿಸಿದ ಕಂಪನಿಯ ಅಧ್ಯಕ್ಷರಿಗೇ ಅದು ಹಿಡಿಸಿರಲಿಲ್ಲ. ಟೋಕಿಯೋದಲ್ಲಿದ್ದ ಜೂಲಿಯಾನಾ ಸ್ತ್ರಾಮಿಜೋಲಿ ಎಂಬ ಇಟಲಿಯ ಮಹಿಳೆ ಅದನ್ನು ಮೆಚ್ಚಿ ವೆನಿಸ್ಸಿಗೆ ಶಿಫಾರಸು ಮಾಡಿದರು. ಕುರೊಸಾವಾ ಅವರಿಗೆ ಈ ವಿಷಯ ಗೊತ್ತೇ ಇರಲಿಲ್ಲ. ಒಂದು ದಿನ ಮೀನು ಹಿಡಿಯಲು ಹೋಗಿ ಬರಿಗೈಯಲ್ಲಿ ಮನೆಗೆ ಬಂದಾಗ ಹೆಂಡತಿಯಿಂದ ಬಹುಮಾನದ ಸುದ್ದಿ ತಿಳಿಯಿತು. ನಮ್ಮ ಸತ್ಯಜಿತ್ ರಾಯ್ ಅವರು ಕಲಕತ್ತೆಯಲ್ಲಿ ಈ ಚಿತ್ರವನ್ನು ಮೂರು ದಿನ ಒಂದೇ ಸಮನೆ ಹೋಗಿ ನೋಡಿದರೆಂದು ಬರೆದಿದ್ದಾರೆ.

ಬಹುಮಾನ ಬಂದದ್ದೇ ತಡ, ಜಪಾನಿನ ಕಂಪನಿಗಳು ಒಂದು ಲೆಕ್ಕ ಹಾಕಿದವು. ಪಾಶ್ಚಾತ್ಯರಿಗೆ ಬೇಕಾದದ್ದು ಕತ್ತಿ, ಕಿಮೊನೊ, ಹಳೆಯ ಅರಮನೆ, ಚಂದದ ಬಣ್ಣ. ಅಂಥವು ಹಡಗೇರಿ ಹೋದವು, ಬಹುಮಾನಗಳನ್ನೂ ತಂದವು. ಅವುಗಳಲ್ಲಿ ಮಿಝೊಗುಚಿಯವರ ‘ಉಗೆತ್ಸು’ ಮೊದಲಾದ ಉತ್ತಮ ಕೃತಿಗಳೂ ಇದ್ದವೆಂಬುದನ್ನು ಒಪ್ಪಬೇಕು. ಆದರೆ ಸಾಮಾನ್ಯ ಸಂಸಾರದ ಚಿತ್ರಗಳು, ಅಂದರೆ ಮಗಳ ಮದುವೆ, ಗಂಡನ ವರ್ಗಾವಣೆ, ಮುದಿ ತಂದೆತಾಯಿ, ಮನೆಯಲ್ಲಿ ಸಾಲದ ಹಣ, ಇವೆಲ್ಲ ಊರಲ್ಲೇ ಉಳಿದವು. ಪರದೇಶದವರಿಗೆ ಇದರಲ್ಲಿ ಏನು ತಿಳಿದೀತು ಎಂಬುದು ಅವುಗಳನ್ನು ಮಾಡಿದವರದೇ ಅಭಿಪ್ರಾಯವಾಗಿತ್ತು.

ರಿಚಿ ಮತ್ತೆ ಜಪಾನಿಗೆ ಬಂದು ‘ಜಪಾನ್ ಟೈಮ್ಸ್’ ಪತ್ರಿಕೆಗೆ ಚಿತ್ರವಿಮರ್ಶೆ ಬರೆಯತೊಡಗಿದರು. 1959ರಲ್ಲಿ ಜೋಸೆಫ್ ಆಂಡರ್ಸನ್ ಎಂಬ ಇನ್ನೊಬ್ಬ ಅಮೆರಿಕನ್ನರೊಡನೆ ಸೇರಿ ಜಪಾನಿ ಚಲನಚಿತ್ರದ ಮೊದಲ ಸಮಗ್ರ ಇತಿಹಾಸವನ್ನು ಇಂಗ್ಲಿಷಿನಲ್ಲಿ ಹೊರತಂದರು. ಕುರೊಸಾವಾ ಅವರೇ ಮುನ್ನುಡಿ ಬರೆದರು. ಆ ಪುಸ್ತಕದ ಉಪಶೀರ್ಷಿಕೆಯಲ್ಲೇ ಎರಡು ಮಾತು: ಕಲೆ, ಉದ್ಯಮ. ಕಲೆಯ ಮಾತನಾಡುವವರು ಟಿಕೆಟ್ಟಿನ ಮಾತನ್ನು ಮರೆಯುತ್ತಾರೆ, ಇವರು ಮರೆಯಲಿಲ್ಲ. 1958ರಲ್ಲಿ ಜಪಾನಿನ ಚಿತ್ರಮಂದಿರಗಳಲ್ಲಿ ಸುಮಾರು 112 ಕೋಟಿ ಟಿಕೆಟುಗಳು ಮಾರಾಟವಾಗಿದ್ದವು. ದೇಶದ ಜನಸಂಖ್ಯೆ ಆಗ ಹತ್ತು ಕೋಟಿಯೂ ಇರಲಿಲ್ಲ. ಇಷ್ಟು ದೊಡ್ಡ ಸಂತೆಯಲ್ಲಿ ಹೊರಗಿನವರು ಕಂಡದ್ದು ನಾಲ್ಕಾರು ಚಿತ್ರಗಳನ್ನು ಮಾತ್ರ.

ಈ ಇತಿಹಾಸದಲ್ಲಿ ನನಗೆ ಬಹಳ ಹಿಡಿಸಿದ ಭಾಗ ‘ಬೆನ್‌ಶಿ’ಗಳದು. ಮೂಕಿ ಚಿತ್ರಗಳ ಕಾಲದಲ್ಲಿ ಜಪಾನಿನಲ್ಲಿ ತೆರೆಯ ಪಕ್ಕದಲ್ಲಿ ಒಬ್ಬ ನಿಂತು ಕಥೆ ಹೇಳುತ್ತಿದ್ದ. ಗಂಡಿನ ಮಾತು, ಹೆಣ್ಣಿನ ಮಾತು, ಅಳು, ನಗು, ನಡುವೆ ತನ್ನದೊಂದು ವ್ಯಾಖ್ಯಾನ. ನಮ್ಮ ಕಡೆಯ ಬಯಲಾಟದಲ್ಲಿ ಭಾಗವತ, ಹರಿಕಥೆಯಲ್ಲಿ ದಾಸರು ನಿಲ್ಲುವಂತೆಯೇ ಎನ್ನಬಹುದು. ಪೋಸ್ಟರಿನಲ್ಲಿ ನಟರಿಗಿಂತ ಬೆನ್‌ಶಿಯ ಹೆಸರು ದೊಡ್ಡದಾಗಿರುವುದೂ ಉಂಟಂತೆ. ಮಾತಾಡುವ ಚಿತ್ರ ಬಂದ ಮೇಲೆ ಇವರ ಅನ್ನ ಹೋಯಿತು. ಕುರೊಸಾವಾ ಅವರ ಅಣ್ಣನೂ ಒಬ್ಬ ಬೆನ್‌ಶಿ. 1933ರಲ್ಲಿ ಆತ್ಮಹತ್ಯೆ ಮಾಡಿಕೊಂಡ. ರಿಚಿಯವರ ಇಡೀ ಬಾಳನ್ನು ನೋಡಿದರೆ, ಪಾಶ್ಚಾತ್ಯರ ತೆರೆಯ ಪಕ್ಕದಲ್ಲಿ ನಿಂತ ಬೆನ್‌ಶಿ ಎಂದೇ ನನಗೆ ಅನಿಸುತ್ತದೆ. ಪುಸ್ತಕ, ಭಾಷಣ, ಚಿತ್ರೋತ್ಸವದ ಟಿಪ್ಪಣಿ ಎಲ್ಲ ಅವರದೇ. ಕುರೊಸಾವಾ ಅವರ ‘ಕಾಗೆಮುಶಾ’ (1980), ‘ಡ್ರೀಮ್ಸ್’ (1990) ಮುಂತಾದ ಚಿತ್ರಗಳ ಇಂಗ್ಲಿಷ್ ಅಡಿಬರಹವೂ ಅವರದೇ. ಇನ್ನೂ ಅಚ್ಚರಿಯೆಂದರೆ, ನಿರರ್ಗಳವಾಗಿ ಜಪಾನಿ ಮಾತಾಡಬಲ್ಲವರಾಗಿದ್ದ ಅವರಿಗೆ ಅದರ ಲಿಪಿಯನ್ನು ಓದುವುದು ಕೊನೆಯವರೆಗೂ ಚೆನ್ನಾಗಿ ಬರಲಿಲ್ಲ. ಪುಣೆಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳ ಕನ್ನಡವೂ ಹೀಗೆಯೇ ಅಲ್ಲವೇ? ಮಾತು ಬರುತ್ತದೆ, ಅಕ್ಷರ ಬಾರದು. ಆದರೆ ಇದನ್ನು ಹೇಳಿ ಅವರಿಗೆ ನೆಪ ಕೊಟ್ಟಂತಾಗಬಾರದು.

1965ರಲ್ಲಿ ಕುರೊಸಾವಾ ಅವರ ಬಗ್ಗೆ ಗ್ರಂಥ ಬಂತು, ಒಂದೊಂದು ಚಿತ್ರಕ್ಕೆ ಒಂದೊಂದು ಅಧ್ಯಾಯದಂತೆ. ಅದು ಹೆಸರು ತಂದಿತು. ಆದರೆ ರಿಚಿಯವರ ನಿಜವಾದ ಹೋರಾಟ ನಡೆದದ್ದು ಯಾಸುಜಿರೋ ಓಜು ಅವರಿಗಾಗಿ. ಕುರೊಸಾವಾಗೆ ಕುದುರೆಯಿತ್ತು, ಮಳೆಯಿತ್ತು, ಕತ್ತಿಯಿತ್ತು. ಓಜು ಅವರಲ್ಲಿ ಏನಿದೆ? ಒಂದು ಮನೆ, ನಾಲ್ಕು ಜನ, ಚಹಾದ ಕೆಟಲು. ‘ಓಜು ತೀರ ಜಪಾನಿ, ಹೊರಗಿನವರಿಗೆ ರುಚಿಸುವುದಿಲ್ಲ’ ಎಂಬ ಭಾವನೆ ಅವರ ಕಂಪನಿಯಲ್ಲೇ ಬಲವಾಗಿತ್ತು. 1953ರ ‘ಟೋಕಿಯೋ ಸ್ಟೋರಿ’ ಲಂಡನ್ನಿನಲ್ಲಿ 1958ರಲ್ಲಿ ಒಂದು ಪಾರಿತೋಷಕ ಪಡೆದಿತ್ತಾದರೂ ನ್ಯೂಯಾರ್ಕಿನ ಚಿತ್ರಮಂದಿರಕ್ಕೆ ಬರಲು 1972 ಆಗಬೇಕಾಯಿತು. ಈ ಹತ್ತೊಂಬತ್ತು ವರ್ಷಗಳ ನಡುವೆ ಯಾರೋ ಒಬ್ಬರು ಬಾಗಿಲು ಬಡಿಯುತ್ತಲೇ ಇರಬೇಕಾಗಿತ್ತು. ಜಪಾನಿ ಚಿತ್ರಗಳನ್ನು ಹೊರದೇಶಗಳಿಗೆ ಮುಟ್ಟಿಸಲು ಬಹಳ ದುಡಿದ ಶ್ರೀಮತಿ ಕಾಶಿಕೊ ಕವಾಕಿತಾ ಅವರ ಜೊತೆಯಲ್ಲಿ ಆ ಬಾಗಿಲು ಬಡಿದವರು ರಿಚಿ. 1963ರ ಬರ್ಲಿನ್ ಚಿತ್ರೋತ್ಸವದಲ್ಲಿ ಓಜು ಚಿತ್ರಗಳ ಪ್ರದರ್ಶನದ ಹಿಂದೆ ಅವರ ಕೈಯಿತ್ತು. ಅದೇ ವರ್ಷ ಡಿಸೆಂಬರ್ 12ರಂದು, ತಮ್ಮ ಅರವತ್ತನೆಯ ಹುಟ್ಟುಹಬ್ಬದ ದಿನವೇ, ಓಜು ತೀರಿಕೊಂಡರು. 1969ರಿಂದ ಸುಮಾರು ಮೂರು ವರ್ಷ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಚಲನಚಿತ್ರ ವಿಭಾಗದ ಮೇಲ್ವಿಚಾರಕರಾಗಿದ್ದ ರಿಚಿ, 1974ರಲ್ಲಿ ಓಜು ಅವರನ್ನು ಕುರಿತ ತಮ್ಮ ಗ್ರಂಥವನ್ನು ಪ್ರಕಟಿಸಿದರು.

ಈ ಪುಸ್ತಕವನ್ನು ಓದಿದರೆ ಮನೆ ಕಟ್ಟುವ ಮೇಸ್ತ್ರಿಯ ಪಕ್ಕದಲ್ಲಿ ನಿಂತು ನೋಡಿದಂತಾಗುತ್ತದೆ. ಮೊದಲು ಬರವಣಿಗೆ, ಆಮೇಲೆ ಚಿತ್ರೀಕರಣ, ಆಮೇಲೆ ಸಂಕಲನ. ಓಜು ಮತ್ತು ಅವರ ಜೊತೆಗಾರ ಕೋಗೊ ನೋದಾ ಒಂದು ಕಡೆ ಕೂತು ‘ಸಾಕೆ’ ಕುಡಿಯುತ್ತ ತಿಂಗಳುಗಟ್ಟಲೆ ಸಂಭಾಷಣೆ ಬರೆಯುವುದು, ಖಾಲಿಯಾದ ಬಾಟಲಿಗಳಿಗೆ ನಂಬರು ಹಾಕುವುದು, ಇಂಥ ವಿವರಗಳೂ ಇವೆ. ಓಜು ಅವರ ಕ್ಯಾಮೆರಾ ಬಹಳ ಕೆಳಗಿರುತ್ತದೆ. ಚಾಪೆಯ ಮೇಲೆ ಕೂತ ಮನುಷ್ಯನ ಕಣ್ಣಿನ ಮಟ್ಟ ಅದು ಎಂದು ರಿಚಿ ವಿವರಿಸಿದರು. ಕುರ್ಚಿಯ ಮೇಲೆ ಬೆಳೆದ ಪಾಶ್ಚಾತ್ಯರಿಗೆ ಇದನ್ನು ಬಿಡಿಸಿ ಹೇಳಬೇಕಾಯಿತು. ನೆಲದ ಮೇಲೆ ಕೂತು ಉಂಡವರಾದ ನಮಗೆ ಹೇಳಬೇಕಾಗಿಲ್ಲ.

ಈ ವಿವರಣೆಯನ್ನು ಮುಂದಿನ ವಿದ್ವಾಂಸರು ಪೂರ್ತಿಯಾಗಿ ಒಪ್ಪಲಿಲ್ಲವೆಂಬುದನ್ನೂ ಹೇಳಬೇಕು. ಓಜು ಅವರ ಕ್ಯಾಮೆರಾ ಕಚೇರಿಯಲ್ಲಿ, ಬೀದಿಯಲ್ಲಿ, ಚಾಪೆಯೇ ಇಲ್ಲದ ಕಡೆಯೂ ಕೆಳಗೇ ಇರುತ್ತದಲ್ಲ ಎಂದು ಕೇಳಿದರು. ಡೇವಿಡ್ ಬೋರ್ಡ್‌ವೆಲ್ ಎಂಬವರು 1988ರಲ್ಲಿ ಬರೆದ ದೊಡ್ಡ ಗ್ರಂಥದಲ್ಲಿ ಎಲ್ಲದಕ್ಕೂ ಜಪಾನಿ ಸಂಸ್ಕೃತಿಯನ್ನು ಕಾರಣವಾಗಿ ತೋರಿಸುವ ಪದ್ಧತಿಯನ್ನು ಟೀಕಿಸಿದರು. ಹಾಲಿವುಡ್ ಚಿತ್ರಗಳಿಂದಲೂ ಓಜು ಬಹಳ ಕಲಿತಿದ್ದರೆಂದು ತೋರಿಸಿದರು. ಈ ಟೀಕೆ ನ್ಯಾಯವಾದದ್ದೇ. ‘ಜಪಾನಿನವರು ಹೀಗೆ’ ಎಂಬ ಮಾತು ರಿಚಿಯವರಲ್ಲಿ ಕೆಲವೊಮ್ಮೆ ಅತಿಯಾಗಿ ಬರುತ್ತದೆ. ಆದರೂ ಒಂದು ಮಾತು. ಟೀಕಿಸಿದವರು ಚಿತ್ರಗಳನ್ನು ನೋಡುವಂತಾದದ್ದು, ಅವುಗಳ ಬಗ್ಗೆ ವಾದ ಮಾಡಬಹುದೆಂದು ಅವರಿಗೆ ತೋಚಿದ್ದು, ರಿಚಿ ಹಾಕಿದ ದಾರಿಯಲ್ಲಿ ನಡೆದು ಬಂದದ್ದರಿಂದ.

ಆ ದಾರಿ ನಮ್ಮ ಕಡೆಗೂ ಹರಿದಿದೆ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತ ನಮ್ಮ ಗಿರೀಶ ಕಾಸರವಳ್ಳಿಯವರ ಮೇಲೆ ಪ್ರಭಾವ ಬೀರಿದವರಲ್ಲಿ ಓಜು ಪ್ರಮುಖರು. ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರು 1970ರ ದಶಕದಲ್ಲಿ ನೀನಾಸಂ ಚಿತ್ರಸಮಾಜದ ಮೂಲಕ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಹಳ್ಳಿಯ ಜನರಿಗೆ ತೋರಿಸಿದ ಸಂಗತಿ ಓದುಗರಿಗೆ ಗೊತ್ತಿದ್ದದ್ದೇ. ‘ಹಳ್ಳಿಯವರಿಗೆ ಇದೆಲ್ಲ ಏನು ತಿಳಿದೀತು’ ಎಂದವರು ಅಲ್ಲಿಯೂ ಇದ್ದಿರಲೇಬೇಕು.

ಇನ್ನು ‘ಟೋಕಿಯೋ ಸ್ಟೋರಿ’ಯ ಕಥೆ. ಒನೊಮಿಚಿ ಎಂಬ ಸಮುದ್ರತೀರದ ಊರಿನ ಮುದಿ ದಂಪತಿಗಳು ಮಕ್ಕಳನ್ನು ನೋಡಲು ರೈಲಿನಲ್ಲಿ ಟೋಕಿಯೋಕ್ಕೆ ಬರುತ್ತಾರೆ. ಹಿರಿಯ ಮಗ ವೈದ್ಯ, ಮಗಳು ಕೇಶಾಲಂಕಾರದ ಅಂಗಡಿ ಇಟ್ಟವಳು. ಇಬ್ಬರೂ ಕೆಟ್ಟವರೇನಲ್ಲ, ಪುರುಸೊತ್ತಿಲ್ಲ ಅಷ್ಟೆ. ಮುದುಕರಿಗೆ ಟೋಕಿಯೋ ತೋರಿಸುವವಳು ಯುದ್ಧದಲ್ಲಿ ಸತ್ತ ಎರಡನೆಯ ಮಗನ ಹೆಂಡತಿ ನೊರಿಕೊ. ಸಣ್ಣದೊಂದು ಕಂಪನಿಯ ಕಚೇರಿಯಲ್ಲಿ ಕೆಲಸ ಆಕೆಗೆ. ಒಂದು ದಿನ ರಜೆ ಕೇಳಿ ಪಡೆದು ಅತ್ತೆ ಮಾವನ ಜೊತೆ ಪ್ರವಾಸಿ ಬಸ್ಸಿನಲ್ಲಿ ಕೂರುತ್ತಾಳೆ. ಮಕ್ಕಳಿಬ್ಬರೂ ಹಣ ಹಾಕಿ ತಂದೆತಾಯಿಯನ್ನು ಅಟಾಮಿ ಎಂಬ ಬಿಸಿನೀರ ಬುಗ್ಗೆಯ ಊರಿಗೆ ಕಳಿಸಿಬಿಡುತ್ತಾರೆ. ಅಲ್ಲಿ ರಾತ್ರಿಯೆಲ್ಲ ಗದ್ದಲ, ನಿದ್ದೆಯಿಲ್ಲ. ಬೇಗನೆ ಮರಳುತ್ತಾರೆ. ಊರಿಗೆ ಹೋಗುವ ದಾರಿಯಲ್ಲಿ ತಾಯಿಗೆ ಅಸ್ವಸ್ಥತೆ, ಊರು ಮುಟ್ಟಿದ ಮೇಲೆ ಸಾವು. ತಂದೆಯ ಪಾತ್ರ ಮಾಡಿದ ಚಿಶು ರ್‍ಯೂ ಅವರಿಗೆ ಆಗ ಐವತ್ತೂ ತುಂಬಿರಲಿಲ್ಲವೆಂದರೆ ನಂಬುವುದು ಕಷ್ಟ. 2012ರಲ್ಲಿ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ಜಗತ್ತಿನ ನಿರ್ದೇಶಕರ ಮತ ಕೇಳಿದಾಗ ಎಲ್ಲ ಚಿತ್ರಗಳಲ್ಲಿ ಮೊದಲ ಸ್ಥಾನ ಪಡೆದದ್ದು ಇದು. ಹೊರಗಿನವರಿಗೆ ತಿಳಿಯದೆಂದು ಊರಲ್ಲಿಟ್ಟುಕೊಂಡ ಚಿತ್ರ!

ನಾನು ಇದನ್ನು ನೋಡಿದ್ದು 2018ರಲ್ಲಿ, ಲಾ ಕಾಲೇಜು ರಸ್ತೆಯ ಫಿಲ್ಮ್ ಆರ್ಕೈವ್‌ನ ಸಭಾಗೃಹದಲ್ಲಿ. ನೋಡುತ್ತ ಬಸ್ಸಿನ ದೃಶ್ಯ ಬಂದಾಗ ನನಗೆ ಕೂರಲಾಗಲಿಲ್ಲ. ಅದಕ್ಕೆ ಏಳು ವರ್ಷ ಹಿಂದೆ, ಮಾರ್ಚ್ ತಿಂಗಳಲ್ಲಿ, ಅಪ್ಪ ಅವ್ವ ರಾಣೆಬೆನ್ನೂರಿನ ಕಡೆಯ ನಮ್ಮ ಹಳ್ಳಿಯಿಂದ ಪುಣೆಗೆ ಬಂದಿದ್ದರು. ಅವ್ವ ಪುಣೆಗೆ ಬಂದದ್ದು ಅದೊಂದೇ ಸಲ. ಕಚೇರಿಯಲ್ಲಿ ವರ್ಷಾಂತ್ಯದ ಲೆಕ್ಕ. ರಜೆ ಕೇಳಿದ್ದರೆ ಸಾಹೇಬರು ಒಂದು ದಿನ ಕೊಡುತ್ತಿದ್ದರೋ ಏನೋ, ನಾನು ಕೇಳಲಿಲ್ಲ. ‘ಪುಣೆ ದರ್ಶನ’ ಬಸ್ಸಿಗೆ ಎರಡು ಟಿಕೆಟು ತೆಗೆದು ಕೂರಿಸಿ ಕಚೇರಿಗೆ ಹೋದೆ. ಇಬ್ಬರಿಗೂ ಮರಾಠಿ ಅಷ್ಟಕ್ಕಷ್ಟೆ. ಸಂಜೆ ಕೇಳಿದಾಗ ಅಪ್ಪ, “ಭಾಳ ಚಲೋ ಇತ್ತಪಾ, ಶನಿವಾರವಾಡಾ ನೋಡಿದ್ವಿ” ಎಂದರು. ಅವ್ವ ಏನೂ ಹೇಳಲಿಲ್ಲ. 2016ರಲ್ಲಿ ಅವ್ವ ತೀರಿಕೊಂಡಳು.

ರಿಚಿಯವರ ಬಗ್ಗೆ ಓದತೊಡಗಿದ್ದು ಆ ಚಿತ್ರ ನೋಡಿದ ಮೇಲೆಯೇ. ಸಮುದ್ರದ ದಡದ ಆ ಒನೊಮಿಚಿಯ ಸುತ್ತಲಿನ ದ್ವೀಪಗಳಲ್ಲಿ ಅವರು ತಿರುಗಾಡಿ ‘ದಿ ಇನ್‌ಲ್ಯಾಂಡ್ ಸೀ’ ಎಂಬ ಪ್ರವಾಸಕಥನ ಬರೆದಿದ್ದಾರೆ (1971). ಅನೇಕರು ಅದನ್ನೇ ಅವರ ಅತ್ಯುತ್ತಮ ಪುಸ್ತಕವೆಂದು ಎಣಿಸುತ್ತಾರೆ, ನನಗೂ ಹಾಗೆಯೇ ಅನಿಸಿದೆ. ಅದರಲ್ಲಿ ಚಿತ್ರಗಳ ಮಾತಿಗಿಂತ ಮನುಷ್ಯರ ಮಾತು ಹೆಚ್ಚು. ರೇವಿನಲ್ಲಿ ಸಿಕ್ಕ ಮೀನುಗಾರ, ಗುಡಿಯ ಅರ್ಚಕ, ಶಾಲೆಯ ಮಕ್ಕಳು. ಜೊತೆಗೆ ತನ್ನ ಬಗ್ಗೆ ಮುಚ್ಚುಮರೆಯಿಲ್ಲದ ಮಾತು. ಗಂಡಸರ ಮೇಲೂ ಒಲವಿದ್ದ ಅವರಿಗೆ ಆ ಕಾಲದ ಒಹಾಯೋದಲ್ಲಿ ನೆಮ್ಮದಿಯಿರಲಿಲ್ಲ. ಜಪಾನಿನಲ್ಲಿ ಅವರು ಎಂದೆಂದಿಗೂ ‘ಗೈಜಿನ್’, ಅಂದರೆ ಹೊರಗಿನವ. ಎಷ್ಟು ವರ್ಷ ಇದ್ದರೂ ಒಳಗಿನವರಾಗುವಂತಿಲ್ಲ. ಬಹಳ ಜನ ಪರದೇಶಿಗಳು ಇದನ್ನೇ ಅಲ್ಲಿ ದೂರುತ್ತಾರೆ. ರಿಚಿ ದೂರಲಿಲ್ಲ. ಒಳಗಿನವನಲ್ಲವಾದ್ದರಿಂದ ಒಳಗಿನವರ ಕಟ್ಟಳೆಯೂ ತನಗಿಲ್ಲ, ಬಾಗಿಲಲ್ಲಿ ನಿಂತು ಎರಡೂ ಕಡೆ ನೋಡಬಹುದು ಎಂದು ಅದನ್ನೇ ಸ್ವಾತಂತ್ರ್ಯವೆಂದುಕೊಂಡರು. ಇಪ್ಪತ್ತು ವರ್ಷ ಪುಣೆಯಲ್ಲಿದ್ದೂ ‘ನಿಮ್ಮದು ಯಾವ ಊರು’ ಎಂಬ ಪ್ರಶ್ನೆ ತಪ್ಪದ ನಮಗೆ ಈ ನೋಟ ಸ್ವಲ್ಪ ಹೊಸದು. ನನಗಂತೂ ಅದು ಪೂರ್ತಿ ಒಗ್ಗಿಲ್ಲ.

ಕೊನೆಯ ವರ್ಷಗಳಲ್ಲಿ ಅವರು ಟೋಕಿಯೋದ ಉಯೆನೋ ಬಡಾವಣೆಯ ಸಣ್ಣ ಮನೆಯಲ್ಲಿದ್ದರು. ಕಿಟಕಿಯಿಂದ ತಾವರೆ ತುಂಬಿದ ಶಿನೊಬಾಝು ಕೆರೆ ಕಾಣುತ್ತಿತ್ತು. 2005ರಲ್ಲಿ ಜಪಾನ್ ಸರಕಾರ ಅವರನ್ನು ‘ಉದಯಸೂರ್ಯ’ ಪದಕದಿಂದ ಗೌರವಿಸಿತು. 2013ರ ಫೆಬ್ರವರಿ 19ರಂದು, 88ನೆಯ ವಯಸ್ಸಿನಲ್ಲಿ, ಟೋಕಿಯೋದಲ್ಲೇ ತೀರಿಕೊಂಡರು.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ‘ಟೋಕಿಯೋ ಸ್ಟೋರಿ’ಯನ್ನು ಲ್ಯಾಪ್‌ಟಾಪಿನಲ್ಲಿ ಹಾಕಿ ಅಪ್ಪನ ಮುಂದಿಟ್ಟೆ. ನಿವೃತ್ತ ಪ್ರಾಥಮಿಕ ಶಾಲಾ ಮಾಸ್ತರರು ಅವರು. ಓಡುವ ಇಂಗ್ಲಿಷ್ ಅಡಿಬರಹ ಓದಲು ಈಗ ಕಣ್ಣು ಸಾಲದು. ಪಕ್ಕದಲ್ಲಿ ಕೂತು ನಾನೇ ಕನ್ನಡದಲ್ಲಿ ಹೇಳತೊಡಗಿದೆ. ಇವ ದೊಡ್ಡ ಮಗ, ಇವಳು ಮಗಳು, ಈಗ ಹೀಗೆ ಅಂದಳು ಎಂದು. ಅರ್ಧ ಗಂಟೆಯಾಗಿರಬೇಕು, ಅಪ್ಪ ಕೈ ಎತ್ತಿದರು. “ಸಾಕು, ಹೇಳಬ್ಯಾಡ. ತಿಳೀತೈತಿ.”

ಮುಂದೆ ನಾನು ಸುಮ್ಮನೆ ಕೂತೆ. ಅಟಾಮಿಯಿಂದ ಮುದುಕರು ಮರಳಿ ಬಂದರು, ರೈಲು ಹತ್ತಿದರು, ತಾಯಿ ಸತ್ತಳು. ಮುದುಕ ಒಬ್ಬನೇ ಕೂತು ಬೀಸಣಿಗೆ ಬೀಸಿಕೊಳ್ಳುವಲ್ಲಿಗೆ ಚಿತ್ರ ಮುಗಿಯಿತು. ಅಪ್ಪ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. ಆ ಮುದುಕನ ಊರು ಯಾವುದೆಂದು ಕೇಳಿದರು. ಒನೊಮಿಚಿ ಎಂದೆ. ಸ್ವಲ್ಪ ಹೊತ್ತು ಬಿಟ್ಟು, “ಆ ಸೊಸಿಗೆ ರಜಾ ಸಿಕ್ಕಿತ್ತಲ್ಲ” ಎಂದರು. ಹೌದೆಂದೆ. ಅಷ್ಟರಲ್ಲಿ ತಂಗಿ ಊಟಕ್ಕೆ ಕರೆದಳು.